ಕೆಂಪು ರಟ್ಟು

ಗುರುವಾರ ಸಂಜೆ ನಾಲ್ಕೂವರೆ ಆಯಿತೆಂದರೆ ಈಗಲೂ ನನ್ನ ಕಾಲು ತಾನಾಗಿ ಮೆಟ್ಟಿಲಿಳಿಯಲು ಹೊರಡುತ್ತದೆ. ಮೆಟ್ಟಿಲೇನೋ ಇದ್ದ ಕಡೆಯೇ ಇವೆ, ಲೈಬ್ರರಿಯ ಹಿಂಬದಿಯಲ್ಲಿ, ಒಟ್ಟು ಹದಿಮೂರು, ಏಳನೆಯದರ ಅಂಚು ಒಡೆದದ್ದು. ಕೆಳಗಿನ ಕೋಣೆಯಲ್ಲಿ ಮಾತ್ರ ಕಾಲು ಮುರಿದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ. ಎಚ್ಚರಿಕೆಗಳೆಲ್ಲ ಈಗ ಫೋನಿಗೇ ಬರುತ್ತವೆ. ದಿನಕ್ಕೆ ನಲವತ್ತು. ಬೆರಳಲ್ಲಿ ಮೇಲಕ್ಕೆ ತಳ್ಳುತ್ತೇವೆ, ಹೋಗುತ್ತವೆ. ‘ಓದಿದ್ದಾರೆ’ ಅಂತ ಯಂತ್ರ ನಮ್ಮ ಪರವಾಗಿ ಬರೆದುಕೊಳ್ಳುತ್ತದೆ.

ಆ ಕಾಲದಲ್ಲಿ ಹಾಗಿರಲಿಲ್ಲ. ನಮ್ಮ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೆರಡು ವಿಭಾಗ, ಒಂದೊಂದು ವಿಭಾಗದ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಒಬ್ಬೊಬ್ಬರು. ಗಣಿತ ವಿಭಾಗಕ್ಕೆ ನಾನು. ವಾರವಿಡೀ ಪ್ರಿಂಟರಿನ ಹೊಟ್ಟೆಯಿಂದ ಕಾಗದ ಎಳೆಯುವುದು, ಪ್ರೊಫೆಸರುಗಳು ಮರೆತ ಪಾಸ್‌ವರ್ಡನ್ನು ಮತ್ತೆ ಹುಟ್ಟಿಸಿಕೊಡುವುದು, ಇದೇ ಕೆಲಸ. ಗುರುವಾರ ಸಂಜೆ ಮಾತ್ರ ನಾವು ಇಪ್ಪತ್ತೆರಡು ಜನ ಆ ನೆಲಮಾಳಿಗೆಯಲ್ಲಿ ಸೇರುತ್ತಿದ್ದೆವು. ಯಾವ ವಿಭಾಗಕ್ಕೆ ಯಾವ ಕಳ್ಳ ಹೊಕ್ಕ, ಯಾವ ಪ್ರೋಗ್ರಾಮಿನಲ್ಲಿ ತೂತು ಬಿದ್ದಿದೆ, ಅದನ್ನು ಹೇಗೆ ಮುಚ್ಚಬೇಕು, ಇಷ್ಟೂ ಅಲ್ಲಿ ಬಾಯಿಂದ ಬಾಯಿಗೆ. ಭದ್ರತೆಯ ಮುಖ್ಯಸ್ಥೆಯಾಗಿದ್ದ ಮೇಡಂ ಬಂದವರೇ ಬಾಗಿಲಿನ ಚಿಲಕವನ್ನು ತಾವೇ ಹಾಕುತ್ತಿದ್ದರು. ಬೇರೆ ಯಾರಾದರೂ ಹಾಕಿದರೆ ಎದ್ದು ಹೋಗಿ ತೆಗೆದು ಮತ್ತೆ ಹಾಕುತ್ತಿದ್ದರು. ಹಾಗಾಗಿ ಅವರು ಚಿಲಕದ ಮೇಡಂ. ಎದುರಿಗೆ ಮೇಡಂ, ಹಿಂದಿನಿಂದ ಚಿಲಕ.

ಮೇಜಿನ ಮೇಲೆ ಅವರ ಬಳಿ ಮೂರು ರಟ್ಟಿನ ತುಂಡು ಇರುತ್ತಿದ್ದವು, ಪಾಠದ ಪುಸ್ತಕದಷ್ಟು ದೊಡ್ಡವು. ಹಸಿರು ರಟ್ಟು ಎತ್ತಿ ನಿಲ್ಲಿಸಿದರೆ ಹೇಳಿದ್ದನ್ನು ಊರಿಗೆಲ್ಲ ಡಂಗುರ ಹೊಡೆಯಬಹುದು. ಹಳದಿಯಾದರೆ ನಿಮ್ಮ ವಿಭಾಗದವರಿಗೆ ಮಾತ್ರ. ಕೆಂಪು ರಟ್ಟು ನಿಂತಿತೆಂದರೆ ಕೇಳಿದ್ದು ಆ ಕೋಣೆಯಲ್ಲೇ ಸಾಯಬೇಕು. ಬರೆದುಕೊಳ್ಳುವಂತಿಲ್ಲ, ಮೇಲ್ ಮಾಡುವಂತಿಲ್ಲ, ಹೊರಗೆ ಹೋಗಿ “ಇವತ್ತು ಕೆಂಪು ಇತ್ತು” ಅನ್ನುವಂತೆಯೂ ಇಲ್ಲ. ಬರಲಾಗದವರು ಮಾರನೆಯ ದಿನ ಮೇಡಂ ಬಳಿಯೇ ಹೋಗಿ ಅವರ ಬಾಯಿಂದಲೇ ಕೇಳಬೇಕು. “ಗುಟ್ಟಿಗೆ ರಟ್ಟು ಅಂತ ಹೆಸರಿಟ್ಟವರು ನಾವೇ ಮೊದಲಿರಬೇಕು” ಅಂತ ಕಾನೂನು ವಿಭಾಗದವನು ಪ್ರತಿ ತಿಂಗಳೂ ಒಂದು ಸಲ ನಗುತ್ತಿದ್ದ. ಮಿಕ್ಕವರು ಪ್ರತಿ ತಿಂಗಳೂ ನಗುತ್ತಿರಲಿಲ್ಲ.

ಎಲ್ಲಕ್ಕಿಂತ ಮೊದಲು ಬಿದ್ದವರ ಸರದಿ. ಆ ವಾರ ತಪ್ಪು ಮಾಡಿದವರು ಎದ್ದು, ಕುರ್ಚಿಯ ಬೆನ್ನು ಹಿಡಿದು ನಿಂತು, ನಡೆದದ್ದನ್ನು ಹೇಳಬೇಕು. ಕೇಳುವವರಿಗೆ ಒಂದೇ ಪ್ರಶ್ನೆಯ ಅನುಮತಿ: “ಆಮೇಲೆ?” ಯಾಕೆ ಅಂತ ಕೇಳುವಂತಿಲ್ಲ. ಯಾಕೆ ಅಂದ ತಕ್ಷಣ ಮನುಷ್ಯ ಸುಳ್ಳು ಹುಡುಕುತ್ತಾನೆ ಅನ್ನುವುದು ಮೇಡಂ ಅಭಿಪ್ರಾಯ. ಸಂಗೀತ ವಿಭಾಗದವಳು ತನ್ನ ಪ್ರೊಫೆಸರುಗಳನ್ನು ಪರೀಕ್ಷಿಸಲು ಒಂದು ಸುಳ್ಳು ಮೇಲ್ ತಯಾರಿಸಿ ಎಲ್ಲರಿಗೂ ಕಳಿಸಿ, ಊಟ ಮಾಡಿ ಬಂದು, ಯಾರದೋ ಮೇಲ್ ಅಂದುಕೊಂಡು ತಾನೇ ಅದರ ಲಿಂಕು ಒತ್ತಿದ್ದಳು. ಆ ವಿಭಾಗದಲ್ಲಿ ಮೋಸಹೋದವಳು ಅವಳೊಬ್ಬಳೇ. ಅದನ್ನು ಹೇಳುವಾಗ ಅವಳೂ ಅತ್ತು ನಕ್ಕಳು, ನಾವೂ. ಬಿದ್ದವರ ಸರದಿಯಲ್ಲಿ ಹೇಳಿದ್ದೆಲ್ಲ ಸದಾ ಕೆಂಪು. ಆ ನಂಬಿಕೆಯ ಮೇಲೇ ಆ ಕೋಣೆ ನಿಂತಿತ್ತು.

ಭೂವಿಜ್ಞಾನ ವಿಭಾಗದವರಿಗೆ ಕಲ್ಲುಮಾವ ಅಂತ ಹೆಸರಿಟ್ಟವಳು ನನ್ನ ಮಗಳು. ಆಗ ಅವಳಿಗೆ ಆರು ವರ್ಷ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಗುರುವಾರ ಅವಳದು ಮಧ್ಯಾಹ್ನದ ಪಾಳಿ. ಶಾಲೆ ನಾಲ್ಕಕ್ಕೆ ಬಿಡುತ್ತಿತ್ತು, ನಮ್ಮ ಸಭೆ ನಾಲ್ಕೂವರೆಗೆ. ಹೀಗಾಗಿ ಪುಟ್ಟಿಯನ್ನು ಕರೆತಂದು ಕೋಣೆಯ ಹೊರಗಿನ ಬೆಂಚಿನ ಮೇಲೆ ಬಣ್ಣದ ಪೆನ್ಸಿಲುಗಳ ಜೊತೆ ಕೂರಿಸುತ್ತಿದ್ದೆ. ಕೆಲಸದ ಜಾಗಕ್ಕೆ ಮಕ್ಕಳನ್ನು ತರಬಾರದೆಂಬ ನಿಯಮವಿತ್ತು, ಎಲ್ಲರೂ ಕಂಡೂ ಕಾಣದಂತೆ ಇದ್ದರು. ಒಳಗೆ ಒಂದು ಮೂಲೆಯಲ್ಲಿ ಕೂತಿರಲಿ ಎಂದು ಒಮ್ಮೆ ಮೇಡಂ ಹತ್ತಿರ ಕೇಳಿದ್ದೆ. ಆರು ವರ್ಷದವರಷ್ಟು ಅಪಾಯದವರು ಯಾರೂ ಇಲ್ಲ, ಕೇಳಿದ್ದನ್ನೆಲ್ಲ ಕೇಳಿದ ಹಾಗೇ ಹೇಳಿಬಿಡ್ತಾರೆ ಅಂದರು.

ಕಲ್ಲುಮಾವನಿಗೆ ಆಗ ಐವತ್ತೇಳು, ನಿವೃತ್ತಿಗೆ ಮೂರು ವರ್ಷ. ಜೇಬಿನಲ್ಲಿ ಸದಾ ಒಂದೆರಡು ಕಲ್ಲು. ಪುಟ್ಟಿಗೆ ಒಂದೊಂದರ ವಯಸ್ಸು ಹೇಳುತ್ತಿದ್ದರು, ಕೋಟಿ ಕೋಟಿಗಳಲ್ಲಿ, ಅವಳು “ಅಜ್ಜಿಗಿಂತ ದೊಡ್ಡದಾ?” ಅಂತ ಕೇಳುತ್ತಿದ್ದಳು. ಅವಳು ಮಾವ ಅಂದದ್ದನ್ನು ಹಿಡಿದುಕೊಂಡು ಅವರು ನನ್ನನ್ನು ಭಾವ ಅಂತ ಕರೆಯಲು ಶುರುಮಾಡಿದರು. ನನಗಿಂತ ಇಪ್ಪತ್ತನಾಲ್ಕು ವರ್ಷ ದೊಡ್ಡವರು. “ಏನು ಮಾಡೋದು ಭಾವ, ತಂಗೀನ ನಿನಗೆ ಕೊಟ್ಟು ಕೂತಿದ್ದೀನಿ, ಅನುಭವಿಸಬೇಕು” ಅನ್ನುತ್ತ ನನ್ನ ಡಬ್ಬಿಯಿಂದ ಅರ್ಧ ಊಟ ಎತ್ತಿಕೊಳ್ಳುತ್ತಿದ್ದರು. ಹೆಂಡತಿ ಅಡುಗೆಗೆ ಉಪ್ಪು ಕಡಿಮೆ ಹಾಕಿದ ದಿನ ಅದು ತಂಗಿಯ ತಪ್ಪಲ್ಲ, ತಂದುಕೊಟ್ಟ ಭಾವನ ತಪ್ಪು.

ಅವರ ವಿಭಾಗದಲ್ಲಿ ಒಂದು ಹಳೆಯ ಕಂಪ್ಯೂಟರು. ಊರಾಚೆಯ ಗುಡ್ಡವೊಂದು ದಿನಕ್ಕೆ ಎಷ್ಟು ಜರುಗುತ್ತದೆ ಎಂದು ಅಳೆದ ಸಂಖ್ಯೆಗಳು ಅದರಲ್ಲಿದ್ದವು. ಕೂದಲೆಳೆಯ ಲೆಕ್ಕದ ಜರುಗುವಿಕೆ. ಹನ್ನೊಂದು ವರ್ಷ, ಒಂದು ದಿನವೂ ತಪ್ಪಿಲ್ಲ. ಸಂಶೋಧನೆ ಪ್ರೊಫೆಸರಮ್ಮನದು, ಆದರೆ ಬೆಳಿಗ್ಗೆ ಬಸ್ಸು ಹಿಡಿದು ಗುಡ್ಡದ ಬುಡಕ್ಕೆ ಹೋಗಿ ಸಂಖ್ಯೆ ತರುತ್ತಿದ್ದವರು ಕಲ್ಲುಮಾವ. ಅದು ಅವರ ಕೆಲಸದ ಪಟ್ಟಿಯಲ್ಲೇ ಇರಲಿಲ್ಲ.

ಆ ಗುರುವಾರ ಪುಟ್ಟಿಗೆ ಮೈ ಬಿಸಿ. ಶಾಲೆಯಿಂದ ಕರೆತರುವಾಗಲೇ ಭುಜದ ಮೇಲೆ ತಲೆ ಇಟ್ಟುಬಿಟ್ಟಿದ್ದಳು. ನಾನು ಮನೆಗೆ ಹೋಗಬೇಕಿತ್ತು. ಆದರೆ ನಾನು ಗುತ್ತಿಗೆಯವನು. ಖಾಯಂ ಮಾಡುವ ಕಾಗದ ಕುಲಸಚಿವರ ಮೇಜಿನ ಮೇಲೆ ಬಂದಿದೆ ಅಂತ ಸುದ್ದಿ. ಹೊಸಬರು ವರ್ಷಕ್ಕೆ ಎರಡು ಗುರುವಾರಕ್ಕಿಂತ ಹೆಚ್ಚು ತಪ್ಪಿಸಿದರೆ ಕಡತ ಹಿಂದಕ್ಕೆ ಹೋಗುತ್ತಿತ್ತು. ಮಗಳ ನೆಗಡಿ, ಮಗಳ ಹಲ್ಲು ಅಂತ ನನ್ನ ಎರಡೂ ಆಗಲೇ ಖರ್ಚಾಗಿದ್ದವು. ಬೆಂಚಿನ ಬಳಿ ಏನು ಮಾಡಲಿ ಅಂತ ನಿಂತಿದ್ದಾಗ ಕಲ್ಲುಮಾವ ಮೆಟ್ಟಿಲಿಳಿದು ಬಂದರು. ಮಗುವಿನ ಹಣೆ ಮುಟ್ಟಿ ನೋಡಿದರು. ನೀನು ಒಳಗೆ ಹೋಗು, ಇಪ್ಪತ್ತು ವರ್ಷದಿಂದ ಬರ್ತಿದ್ದೀನಿ, ಒಂದು ಸಲ ಬರದಿದ್ದರೆ ಕೋಣೆ ಬೀಳಲ್ಲ, ಆಮೇಲೆ ಏನಾದರೂ ಇದ್ದರೆ ಹೇಳು, ಅಂದರು. ನಾನು ಹೋದೆ.

ಮೇಡಂ ಚಿಲಕ ಹಾಕಿ ತಲೆ ಎಣಿಸಿದರು. ಭೂವಿಜ್ಞಾನ ಎಲ್ಲಿ ಎಂದಾಗ ನಾನು ಹೊರಗಿದ್ದಾರೆ ಅಂದೆ, ಯಾಕೆಂದು ಅವರು ಕೇಳಲಿಲ್ಲ. ಆಮೇಲೆ ಕೆಂಪು ರಟ್ಟು ನಿಲ್ಲಿಸಿದರು. ಬೇರೆ ವಿಶ್ವವಿದ್ಯಾಲಯದ ಭದ್ರತೆಯವರು ಅವರಿಗೆ ನಂಬಿಕೆಯ ಮೇಲೆ ತಿಳಿಸಿದ್ದ ಸಂಗತಿ ಅದು. ಫೈಲು ಹಂಚಿಕೊಳ್ಳಲು ನಮ್ಮಲ್ಲಿ ಎಲ್ಲರೂ ಬಳಸುತ್ತಿದ್ದ ಪ್ರೋಗ್ರಾಮಿನಲ್ಲಿ ಒಂದು ತೂತು. ಅದರೊಳಗಿಂದ ನುಗ್ಗಿದವರು ಕಂಪ್ಯೂಟರಿನ ಫೈಲುಗಳಿಗೆಲ್ಲ ಬೀಗ ಜಡಿದು, ಕೀಲಿಗೆ ಹಣ ಕೇಳುತ್ತಿದ್ದಾರೆ. ಪ್ರೋಗ್ರಾಮು ಮಾಡಿದವರಿಂದ ತೇಪೆ ಬರಲು ಇನ್ನೂ ಒಂದು ವಾರ ಬೇಕು. ಅಲ್ಲಿಯವರೆಗೆ ಪ್ರೋಗ್ರಾಮಿನ ಒಂದು ಬಾಗಿಲನ್ನು ಕೈಯಾರೆ ಮುಚ್ಚಿಡಿ, ಎರಡು ನಿಮಿಷದ ಕೆಲಸ. ತೂತಿನ ವಿಷಯ ಹೊರಬಿದ್ದರೆ ಗೊತ್ತಿಲ್ಲದ ಕಳ್ಳರಿಗೂ ಗೊತ್ತಾಗುತ್ತದೆ, ಆದ್ದರಿಂದ ತುಟಿ ಬಿಚ್ಚಬೇಡಿ. ಮುಗಿದ ಮೇಲೆ ಮೇಡಂ ನನ್ನ ಕಡೆ ತಿರುಗಿ, ಹೊರಗೆ ಹೋದ ತಕ್ಷಣ ಅವರನ್ನು ನನ್ನ ಹತ್ತಿರ ಕಳಿಸು ಅಂದರು. ಅಷ್ಟೇ. ಏನೆಂದು ಹೇಳಬೇಕಿರಲಿಲ್ಲ. ಮೇಡಂ ಕರೀತಿದ್ದಾರೆ ಅಂದರೆ ಸಾಕಿತ್ತು.

ಹೊರಗೆ ಬಂದೆ. ಕಲ್ಲುಮಾವ ಗೋಡೆಗೆ ಒರಗಿ ಕೂತಿದ್ದರು, ಪುಟ್ಟಿ ಅವರ ತೊಡೆಯ ಮೇಲೆ ಬಾಯಿ ತೆರೆದು ಮಲಗಿದ್ದಳು. ಅವರ ಒಂದು ಕೈ ಜೋಮು ಹಿಡಿದು ನೇತಾಡುತ್ತಿತ್ತು. ಲೈಬ್ರರಿಗೆ ಹೋಗುವ ವಿದ್ಯಾರ್ಥಿಗಳ ಗುಂಪು ಅದೇ ಹೊತ್ತಿಗೆ ಬೆಂಚಿನ ಸುತ್ತ ನಿಂತು ಹರಟುತ್ತಿತ್ತು.

“ಏನಾದರೂ ಇತ್ತಾ ಭಾವ?” ಅಂದರು.

ನಾನು ಸುತ್ತಲಿನ ವಿದ್ಯಾರ್ಥಿಗಳನ್ನು ನೋಡಿದೆ. ಕೆಂಪು ಇತ್ತು ಅನ್ನುವುದನ್ನೂ ಹೇಳಬಾರದಲ್ಲ.

“ಅಂಥದ್ದೇನಿಲ್ಲ” ಅಂದೆ.

ಹೊಸತರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ, ಹಾಗೆ. ಮೇಡಂ ಸ್ವತಃ ಅಲ್ಲಿದ್ದಿದ್ದರೂ ಅಷ್ಟು ಬಿಗಿಯಾಗಿ ಬಾಯಿ ಮುಚ್ಚುತ್ತಿರಲಿಲ್ಲ. ಆ ಕ್ಷಣದಲ್ಲಿ ನನಗೆ ನನ್ನ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಯಿತು, ಅದನ್ನು ಮುಚ್ಚಿಡಲಾರೆ. ಗುಂಪು ಚದುರಿದ ಮೇಲೆ ಹೇಳಿದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಪುಟ್ಟಿ ಎದ್ದು ವಾಂತಿ ಮಾಡಿಕೊಂಡಳು, ಅವರ ಪ್ಯಾಂಟಿನ ಮೇಲೇ. ಅವರು ಅದನ್ನು ಒರೆಸುತ್ತ ಓಡು, ಬಸ್ಸು ಹೋಗಿಬಿಡತ್ತೆ ಅಂದರು. ನಾನು ಮಗುವನ್ನು ಎತ್ತಿಕೊಂಡು ಓಡಿದೆ. ಮಾರನೆಯ ದಿನ ಅವಳಿಗೆ ನೂರಾ ಮೂರು ಜ್ವರ. ಶುಕ್ರವಾರ ರಜೆ ಹಾಕಿದೆ. ಒದ್ದೆ ಬಟ್ಟೆ, ಔಷಧಿ, ಥರ್ಮಾಮೀಟರ್. ಮೂರು ದಿನ ನನ್ನ ತಲೆಯಲ್ಲಿ ಕೆಂಪೂ ಇರಲಿಲ್ಲ, ಕಲ್ಲುಮಾವನೂ ಇರಲಿಲ್ಲ. ಬಾಗಿಲು ಮುಚ್ಚುವ ಎರಡು ನಿಮಿಷದ ಕೆಲಸವನ್ನು ನನ್ನ ವಿಭಾಗದ ಮಟ್ಟಿಗೆ ಗುರುವಾರವೇ, ಸಭೆಯಿಂದ ಹೊರಬರುವ ಮೊದಲೇ ಮೇಡಂ ಮೇಜಿನ ಕಂಪ್ಯೂಟರಿನಿಂದ ಮುಗಿಸಿದ್ದೆ.

ಸೋಮವಾರ ಬೆಳಿಗ್ಗೆ ಭೂವಿಜ್ಞಾನದ ಕಂಪ್ಯೂಟರಿನ ಪರದೆ ಕಪ್ಪಾಗಿ, ನಡುವೆ ಒಂದು ಬೀಗದ ಚಿತ್ರ, ಕೆಳಗೆ ಹಣದ ಬೇಡಿಕೆ. ನಕಲು ಇಟ್ಟಿದ್ದ ಡಿಸ್ಕು ಅದೇ ಕಂಪ್ಯೂಟರಿಗೆ ಸದಾ ಸಿಕ್ಕಿಸಿಟ್ಟದ್ದು, ಅದಕ್ಕೂ ಬೀಗ. ಹಣ ಕೊಡಬಾರದೆಂಬುದು ವಿಶ್ವವಿದ್ಯಾಲಯದ ನಿಯಮ, ಕೊಟ್ಟರೂ ಕೀಲಿ ಬರುವ ಖಾತರಿಯಿಲ್ಲ ಅಂತ ಮೇಡಂ ಹೇಳಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ಸುದ್ದಿ ಕೇಳಿ ಓಡಿಹೋದಾಗ ಕಲ್ಲುಮಾವ ಪರದೆಯ ಮುಂದೆ ಕೂತು ಕೀಬೋರ್ಡಿನ ಧೂಳನ್ನು ಕರವಸ್ತ್ರದಿಂದ ಒರೆಸುತ್ತಿದ್ದರು. ಒಂದೊಂದೇ ಕೀಲಿ. ಪ್ರೊಫೆಸರಮ್ಮ ಕಿಟಕಿಯ ಬಳಿ ನಮಗೆ ಬೆನ್ನು ಮಾಡಿ ನಿಂತಿದ್ದರು. ಪುಟ್ಟಿಗೆ ಜ್ವರ ಬಿಡ್ತಾ ಅಂತ ಕಲ್ಲುಮಾವ ನನ್ನನ್ನು ಕೇಳಿದರು. ಬಿಟ್ಟಿದೆ ಅಂದೆ. ಇನ್ನೊಂದು ಮಾತು ಹೇಳಬೇಕಿತ್ತು. ಹೇಳದೆಯೇ ನನ್ನ ವಿಭಾಗಕ್ಕೆ ಹೊರಟೆ.

ವಿಚಾರಣೆಗೆ ಮೂವರ ಸಮಿತಿ ಮಾಡಿದರು, ಕುಲಸಚಿವರೇ ಅಧ್ಯಕ್ಷರು, ಮೇಡಂ ಒಬ್ಬ ಸದಸ್ಯೆ. ಇಪ್ಪತ್ತೊಂದು ವಿಭಾಗ ಬಾಗಿಲು ಮುಚ್ಚಿದೆ, ಒಂದು ಮಾತ್ರ ಮುಚ್ಚಿಲ್ಲ. ಸಭೆಗೆ ಯಾಕೆ ಹೋಗಲಿಲ್ಲ ಅಂತ ಕೇಳಿದ್ದಕ್ಕೆ ಕಲ್ಲುಮಾವ, ಸೋಮಾರಿತನ, ತಪ್ಪು ನನ್ನದೇ ಅಂತ ಹೇಳಿದರಂತೆ. ಮಗುವಿನ ಮಾತೇ ಎತ್ತಲಿಲ್ಲ. ಎತ್ತಿದ್ದರೆ ಮಗುವನ್ನು ತಂದ ನನ್ನ ಕಾಗದ ಕುಲಸಚಿವರ ಮೇಜಿನಿಂದ ಕಸದ ಬುಟ್ಟಿಗೆ ಹೋಗುತ್ತಿತ್ತು, ಅದು ಅವರಿಗೆ ಗೊತ್ತಿತ್ತು. ಮೇಡಂ ಹತ್ತಿರ ಹೋಗಲು ಹೇಳಿ ಕಳಿಸಿದ್ದರೂ ಅವರು ಹೋಗಿಲ್ಲ ಅಂತ ಸಮಿತಿ ಬರೆದುಕೊಂಡಿತು. ಹೇಳಿ ಕಳಿಸಿದ್ದು ಅವರ ಕಿವಿಗೇ ಬಿದ್ದಿರಲಿಲ್ಲ ಅನ್ನುವುದು ಜಗತ್ತಿನಲ್ಲಿ ನನಗೊಬ್ಬನಿಗೇ ಗೊತ್ತಿದ್ದ ವಿಷಯ. ತಪ್ಪು ನನ್ನದೇ ಅಂದವರನ್ನು ಸಮಿತಿ ಆ ಬಗ್ಗೆ ಕೇಳಲೂ ಇಲ್ಲ. ಶುಕ್ರವಾರ ಸಮಿತಿಯ ಕೊನೆಯ ಸಭೆ. ಅವರನ್ನು ಕೆಲಸದಿಂದ ತೆಗೆದುಹಾಕುತ್ತಾರೆ, ಮೂರು ವರ್ಷದ ದೂರದಲ್ಲಿದ್ದ ಪಿಂಚಣಿ ಅರ್ಧಕ್ಕೆ ಇಳಿಯುತ್ತದೆ ಅಂತ ಕಾನೂನು ವಿಭಾಗದವನು ಲೆಕ್ಕ ಹಾಕಿ ಹೇಳಿದ. ಆ ದಿನ ಅವನೂ ಜೋಕು ಹೇಳಲಿಲ್ಲ.

ಬುಧವಾರ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಪುಟ್ಟಿಯ ಸಮವಸ್ತ್ರಕ್ಕೆ ಗುಂಡಿ ಹೊಲಿಯುತ್ತಿದ್ದಳು, ನಿಲ್ಲಿಸಲಿಲ್ಲ. ನಿನ್ನ ಕೆಲಸ ಹೋದರೆ ನಾನು ಎರಡು ಪಾಳಿ ಮಾಡ್ತೀನಿ, ಅದು ಹೊಸದೇನಲ್ಲ ಅಂದಳು. ದಾರ ಹಲ್ಲಿನಲ್ಲಿ ಕಡಿದು, “ಆದರೆ ಕಲ್ಲುಮಾವ ಯಾಕೆ ಬರಲ್ಲ ಅಂತ ಇವಳು ಕೇಳಿದರೆ ನೀನೇ ಹೇಳು, ನನಗೆ ಹೇಳೋಕೆ ಬಾರದು” ಅಂದಳು.

ಗುರುವಾರ ಬಂತು. ಭೂವಿಜ್ಞಾನದ ಕುರ್ಚಿ ಖಾಲಿ. ವಿಚಾರಣೆ ಮುಗಿಯುವವರೆಗೆ ಬರಬೇಡಿ ಎಂದಿದ್ದರು. ಬಿದ್ದವರ ಸರದಿಯಲ್ಲಿ ನಾನು ಎದ್ದು ಕುರ್ಚಿಯ ಬೆನ್ನು ಹಿಡಿದೆ. ಬೆಂಚು, ಜ್ವರ, ವಿದ್ಯಾರ್ಥಿಗಳು, ಅಂಥದ್ದೇನಿಲ್ಲ ಅಂದ ಮಾತು, ಒಂದೂ ಬಿಡದೆ ಹೇಳಿದೆ. ಯಾರೋ ಮೆಲ್ಲಗೆ ಆಮೇಲೆ ಅಂದರು. ಆಮೇಲೆ ಸೋಮವಾರ ಅಂದೆ. ಕೋಣೆಯಲ್ಲಿ ಒಬ್ಬರೂ ಮುಖ ತಿರುಗಿಸಲಿಲ್ಲ. ಸಂಗೀತದವಳು ಎದ್ದುಬಂದು ನನ್ನ ಮುಂದೆ ನೀರಿನ ಲೋಟ ಇಟ್ಟಳು. ಕೂತಾಗ ಸೋಮವಾರದಿಂದ ಎದೆಯ ಮೇಲಿದ್ದ ಕಲ್ಲನ್ನು ಇಳಿಸಿದ ಹಾಗಾಯಿತು. ಹೇಳಿಯಾಯಿತಲ್ಲ, ಇನ್ನು ಮೇಡಂ ಇದ್ದಾರೆ, ಸಮಿತಿಯಲ್ಲೇ ಇದ್ದಾರೆ, ನೋಡಿಕೊಳ್ಳುತ್ತಾರೆ ಅಂದುಕೊಂಡೆ.

ಸಭೆ ಮುಗಿದು ಎಲ್ಲ ಹೋದ ಮೇಲೆ ಮೇಡಂ ಚಿಲಕದ ಮೇಲೆ ಕೈ ಇಟ್ಟುಕೊಂಡೇ ನಿಂತರು. ಅವರ ಮುಖ ಬಾಡಿತ್ತು.

“ಹೊರಗೆ ಹೇಳಿದ್ದರೆ ನಾಳೆ ನಾನೇ ಸಮಿತಿಗೆ ಹೇಳ್ತಿದ್ದೆ. ನೀನು ಇಲ್ಲಿ ಹೇಳಿದೆ. ಇಲ್ಲಿ ಹೇಳಿದ್ದನ್ನು ನಾನು ಹೊರಗೆ ಒಯ್ಯೋ ಹಾಗಿಲ್ಲ. ಇವತ್ತು ನಿನ್ನದು ಒಯ್ದರೆ ನಾಳೆಯಿಂದ ಇಲ್ಲಿ ಯಾರೂ ಬಾಯಿ ಬಿಡಲ್ಲ. ನನ್ನ ಬಾಯಿ ಕಟ್ಟಿಬಿಟ್ಟೆ, ಗೊತ್ತಾಯ್ತಾ?”

ಗೊತ್ತಾಗಲು ಹದಿಮೂರು ಮೆಟ್ಟಿಲು ಹಿಡಿಯಿತು. ನಾನು ಅಷ್ಟು ಧೈರ್ಯದಿಂದ ಎದ್ದುನಿಂತದ್ದು ಜಗತ್ತಿನಲ್ಲೇ ಅತಿ ಸುರಕ್ಷಿತವಾದ ಜಾಗದಲ್ಲಿ. ಅಲ್ಲಿ ಹೇಳಿದರೆ ನನಗೆ ಏನೂ ಆಗುವುದಿಲ್ಲ, ಅಷ್ಟೇ ಅಲ್ಲ, ಕಲ್ಲುಮಾವನಿಗೂ ಏನೂ ಆಗುವುದಿಲ್ಲ, ಒಳ್ಳೆಯದೂ ಆಗುವುದಿಲ್ಲ. ಅದು ನನ್ನೊಳಗಿನ ಯಾವನಿಗೋ ಮೊದಲೇ ಗೊತ್ತಿತ್ತೋ ಏನೋ. ಇವತ್ತಿಗೂ ಖಚಿತವಾಗಿ ಹೇಳಲಾರೆ.

ಶುಕ್ರವಾರ ಕರೆಯದೆಯೇ ಸಮಿತಿಯ ಕೋಣೆಗೆ ಹೋದೆ. ಜವಾನ ತಡೆದ. ಗಣಿತ ವಿಭಾಗದವನು, ಪ್ರಿಂಟರು ನೋಡಲು ಬಂದಿದ್ದೀನಿ ಅಂದೆ. ಪ್ರಿಂಟರು ಅಂದರೆ ನಮ್ಮಲ್ಲಿ ಯಾವ ಬಾಗಿಲೂ ತೆರೆಯುತ್ತಿತ್ತು, ಭದ್ರತೆಯ ಲೆಕ್ಕದಲ್ಲಿ ಅದೂ ಒಂದು ತೂತೇ. ಮೂವರ ಮುಂದೆ ನಿಂತು ಮಗುವನ್ನು ತಂದದ್ದು ನಾನು, ಅವರು ಹೊರಗೆ ಕೂತದ್ದು ನನ್ನ ಮಗುವಿಗಾಗಿ, ಮೇಡಂ ಹೇಳಿ ಕಳಿಸಿದ ಮಾತನ್ನು ನಾನು ಮುಟ್ಟಿಸಲಿಲ್ಲ ಅಂತ ಹೇಳಿದೆ. ಕುಲಸಚಿವರು ಕನ್ನಡಕ ತೆಗೆದು, ಇದನ್ನು ಬರೆದುಕೊಡ್ತೀರಾ ಅಂದರು. ಬರೆದುಕೊಟ್ಟೆ. ಮೇಡಂ ತಮ್ಮ ಮುಂದಿನ ಕಾಗದದಿಂದ ತಲೆ ಎತ್ತಲೇ ಇಲ್ಲ. ನಾನು ಹೊರಡುವಾಗ ಮಾತ್ರ ತಾವೇ ಎದ್ದುಬಂದು ಬಾಗಿಲು ತೆರೆದರು.

ಕಲ್ಲುಮಾವನ ಕೆಲಸ ಉಳಿಯಿತು. ಡಿಸ್ಕನ್ನು ಸಿಕ್ಕಿಸಿಟ್ಟದ್ದಕ್ಕೆ ಒಂದು ಎಚ್ಚರಿಕೆಯ ಪತ್ರ, ಅಷ್ಟೇ. ನನ್ನ ಖಾಯಂ ಕಾಗದ ಹಿಂದಕ್ಕೆ ಹೋಗಿ, ಆರಾರು ತಿಂಗಳ ಗುತ್ತಿಗೆಯಲ್ಲಿ ಮತ್ತೆ ಎರಡು ವರ್ಷ ತೇಯ್ದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೇಸರವಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಹೆಂಡತಿ ಹೇಳಿದಂತೆ ಎರಡು ಪಾಳಿ ಮಾಡಿದಳು, ಪುಟ್ಟಿ ಗುರುವಾರದ ಸಂಜೆಗಳನ್ನು ಪಕ್ಕದ ಮನೆಯಲ್ಲಿ ಕಳೆದಳು.

ಇಷ್ಟಾದ ಮೇಲೆ ಕಲ್ಲುಮಾವ ನನ್ನನ್ನು ಅಪ್ಪಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಎಚ್ಚರಿಕೆಯ ಪತ್ರ ಬಂದ ಮರುದಿನ ಎದುರು ಸಿಕ್ಕಾಗ ತಲೆಯಾಡಿಸಿ ಮುಂದೆ ಹೋದರು. ಊಟದ ಹೊತ್ತಿಗೆ ನನ್ನ ಡಬ್ಬಿಯ ಕಡೆ ಬರಲಿಲ್ಲ. ಅವರ ವಿಭಾಗಕ್ಕೇ ಹೋದೆ. ಅವರು ಬೀರುವಿನ ತಳದಿಂದ ಬಿಸ್ಕತ್ತಿನ ಡಬ್ಬಗಳನ್ನು ಹೊರತೆಗೆದು ನೆಲದ ಮೇಲೆ ಸಾಲಾಗಿ ಇಡುತ್ತಿದ್ದರು. ಗುಡ್ಡದ ಬುಡದ ಯಂತ್ರ ದಿನಾ ಬೆಳಿಗ್ಗೆ ನಾಲ್ಕು ಸಂಖ್ಯೆಗಳನ್ನು ಅಂಗಡಿಯ ರಸೀದಿಯಂಥ ಕಾಗದದ ಪಟ್ಟಿಯ ಮೇಲೆ ಅಚ್ಚೊತ್ತುತ್ತಿತ್ತಂತೆ. ಕಂಪ್ಯೂಟರಿಗೆ ಹಾಕಿದ ಮೇಲೂ ಅವರು ಆ ಪಟ್ಟಿಗಳನ್ನು ಎಸೆದಿರಲಿಲ್ಲ, ಸುರುಳಿ ಸುತ್ತಿ ಇಟ್ಟಿದ್ದರು. ಅಚ್ಚು ಮಾಸಿತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಬೂದು ಬಣ್ಣದ ಅಂಕಿಗಳು ಕಾಣುತ್ತಿದ್ದವು, ಕೆಲವು ಕಾಣುತ್ತಲೂ ಇರಲಿಲ್ಲ.

ನೀವು ಓದಿ, ನಾನು ಟೈಪ್ ಮಾಡ್ತೀನಿ ಅಂದೆ. “ನಿಮಗ್ಯಾಕೆ ತೊಂದರೆ” ಅಂದರು. ಭಾವ ಹೋಗಿ ನೀವು ಬಂದಿತ್ತು. ಆದರೂ ಕುರ್ಚಿ ಎಳೆದುಕೊಟ್ಟರು.

ಹೀಗೆ ಶುರುವಾಯಿತು. ದಿನಾ ಮಧ್ಯಾಹ್ನ ಒಂದರಿಂದ ಎರಡು, ಊಟದ ಗಂಟೆ. ಅವರು ಕಿಟಕಿಯ ಕಟ್ಟೆಯ ಮೇಲೆ ಕೂತು ಪಟ್ಟಿಯನ್ನು ಓರೆ ಹಿಡಿದು ಓದುವುದು, ನಾನು ಹೊಡೆಯುವುದು. ಸೊನ್ನೆ ಬಿಂದು ಸೊನ್ನೆ ಮೂರು. ಸೊನ್ನೆ ಬಿಂದು ಸೊನ್ನೆ ಮೂರು. ಸೊನ್ನೆ ಬಿಂದು ಸೊನ್ನೆ ನಾಲ್ಕು. ಸಂಖ್ಯೆ ಬಿಟ್ಟು ಒಂದಕ್ಷರ ಹೆಚ್ಚಿಲ್ಲ. ಪುಟ್ಟಿ ಹೇಗಿದ್ದಾಳೆ ಅಂತಲೂ ಕೇಳುತ್ತಿರಲಿಲ್ಲ, ಅವಳಿಗೆಂದು ಮೇಜಿನ ಅಂಚಿನಲ್ಲಿ ಒಂದು ಕಲ್ಲು ಇಟ್ಟಿರುತ್ತಿದ್ದರು, ನಾನು ಎತ್ತಿಕೊಂಡು ಹೋಗುತ್ತಿದ್ದೆ. ಗುರುವಾರದ ಕೋಣೆಯವರಿಗೆ ಸುದ್ದಿ ಗೊತ್ತಾಗಿ ಒಬ್ಬೊಬ್ಬರಾಗಿ ಬಂದು ಒಂದೊಂದು ಡಬ್ಬ ಹಂಚಿಕೊಂಡರು. ಸಂಗೀತದವಳು ಸಂಖ್ಯೆಗಳನ್ನು ರಾಗವಾಗಿ ಓದುತ್ತಿದ್ದಳು, ತಪ್ಪು ಕಡಿಮೆ ಆಗುತ್ತೆ ಅಂತ ಅವಳ ವಾದ. ಕಾನೂನಿನವನು ಒಂದು ವಾರ ಹೊಡೆದು, ಈ ಗುಡ್ಡ ನಮ್ಮ ಕಡತಗಳಿಗಿಂತ ಬೇಗ ಚಲಿಸುತ್ತೆ ಅಂದ. ಹನ್ನೊಂದು ವರ್ಷದಲ್ಲಿ ಏಳು ವರ್ಷದ ಪಟ್ಟಿ ಓದಲು ಬಂತು. ನಾಲ್ಕು ವರ್ಷ ಬೆಳ್ಳಗಾಗಿ ಹೋಗಿತ್ತು, ಅದಕ್ಕೆ ಯಾರೇನು ಮಾಡಲೂ ಸಾಧ್ಯವಿರಲಿಲ್ಲ. ಇಡೀ ವರ್ಷದ ಮಧ್ಯಾಹ್ನಗಳು ಹೀಗೆ ಹೋದವು. ಈಗ ನೆನೆದರೆ ಅಷ್ಟು ಒಳ್ಳೆಯ ಮಧ್ಯಾಹ್ನಗಳು ನನಗೆ ಮತ್ತೆ ಸಿಕ್ಕಿಲ್ಲ. ಆಗ ಮಾತ್ರ ಕತ್ತು ನೋಯುತ್ತಿತ್ತು, ಹಸಿವಾಗುತ್ತಿತ್ತು, ಎದುರಿಗಿದ್ದ ಮನುಷ್ಯ ಯಾಕೆ ಮುನಿದಿದ್ದಾರೆಂದು ತಿಳಿಯುತ್ತಿರಲಿಲ್ಲ.

ಕೊನೆಯ ಡಬ್ಬದ ಹೊತ್ತಿಗೆ ಒಂದು ದಿನ ಅವರು ಓದುತ್ತಿದ್ದವರು ನಿಲ್ಲಿಸಿದರು. ಪಟ್ಟಿಯನ್ನು ಕಣ್ಣಿಗೆ ಹತ್ತಿರ ತಂದರು.

“ನಾಲ್ಕು ಬಿಂದು ಎರಡು” ಅಂದರು.

ಗುಡ್ಡವೇ ಎದ್ದು ನಡೆದಿರಬೇಕು ಅಷ್ಟು. ನಾನು ಗಾಬರಿಯಿಂದ ತಿರುಗಿದೆ. ಅವರ ಹೊಟ್ಟೆ ಕುಲುಕುತ್ತಿತ್ತು. ಆವತ್ತು ಪ್ರೊಫೆಸರಮ್ಮ ಯಂತ್ರಕ್ಕೆ ಒರಗಿ ಚಪ್ಪಲಿಯೊಳಗಿನ ಮುಳ್ಳು ತೆಗೆದುಕೊಂಡರಂತೆ. ಅದನ್ನು ಅಳಿಸು ಅಂತ ಅವರು, ಅಳಿಸಲ್ಲ, ಅಳತೆ ಅಂದರೆ ಅಳತೆ ಅಂತ ಇವರು. ನಾನೂ ನಕ್ಕೆ. ನಕ್ಕು ನಕ್ಕು ಕಣ್ಣೊರೆಸಿಕೊಂಡ ಮೇಲೆ ಧೈರ್ಯ ಬಂತು. ಕೇಳಿಯೇಬಿಟ್ಟೆ. ಹೆಂಡತಿಗೆ ಹೇಳಿ, ಬಿದ್ದವರ ಸರದಿಯಲ್ಲಿ ಹೇಳಿ, ಆಮೇಲೆ ನಾನು ಹೋಗಿ ಸಮಿತಿಗೆ ಹೇಳಿದ್ದು ತಪ್ಪಾಯಿತಾ, ನೀವು ಉಳಿಸಿಕೊಟ್ಟದ್ದನ್ನು ನಾನು ಹಾಳುಮಾಡಿಕೊಂಡೆ ಅಂತ ಸಿಟ್ಟಾ ಅಂದೆ.

ಅವರು ಪಟ್ಟಿಯನ್ನು ಮಡಚಿ ಮಂಡಿಯ ಮೇಲೆ ಇಟ್ಟುಕೊಂಡರು.

“ಕೋಣೆಯಲ್ಲಿ ಇಪ್ಪತ್ತೊಂದು ಜನಕ್ಕೆ ಹೇಳಿದೆ. ಕುಲಸಚಿವರಿಗೆ ಹೇಳಿದೆ, ಬರೆದೂ ಕೊಟ್ಟೆ. ತಂಗಿಗೆ ಹೇಳಿದೆ. ನನಗೆ ಯಾವಾಗ ಹೇಳಿದೆ?”

ನಾನು ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದೆ.

“ಆವತ್ತು ಮೇಡಂ ನಿನ್ನ ಕೈಲಿ ನನಗೆ ಹೇಳಿ ಕಳಿಸಿದ್ದರು, ನೀನು ಏನಿಲ್ಲ ಅಂದೆ ಅಂತ ನನಗೆ ಗೊತ್ತಾದದ್ದು ಹೇಗೆ ಗೊತ್ತಾ? ಎಚ್ಚರಿಕೆಯ ಪತ್ರದಲ್ಲಿ. ಮೂರನೇ ಪ್ಯಾರಾ. ಟೈಪಿಸ್ಟಿಗೂ ನನಗಿಂತ ಮೊದಲು ಗೊತ್ತಿತ್ತು.”

ಸೋಮವಾರದ ಬೆಳಿಗ್ಗೆ ಅವರ ಮುಂದೆ ನಿಂತಿದ್ದೆ, ಹೇಳಿರಲಿಲ್ಲ. ಆಮೇಲೆ ವರ್ಷವಿಡೀ ಅವರಿಂದ ಮೂರು ಅಡಿ ದೂರದಲ್ಲಿ ಕೂತು ಸಾವಿರಾರು ಸಂಖ್ಯೆ ಕೇಳಿಸಿಕೊಂಡಿದ್ದೆ, ಆಗಲೂ ಹೇಳಿರಲಿಲ್ಲ. ಎಲ್ಲರಿಗೂ ಹೇಳಿಯಾಗಿದೆಯಲ್ಲ, ಅವರಿಗೂ ಗೊತ್ತಾಗಿರುತ್ತದಲ್ಲ ಅಂತ. ಯಾರಿಗೆ ಏನು ಎಷ್ಟು ಹೇಳಬೇಕೆಂದು ವಾರವಾರ ಕಲಿಯುತ್ತಿದ್ದವನು ನಾನು. ಹೇಳಲೇಬೇಕಾದ ಒಬ್ಬರನ್ನು ಎರಡನೆಯ ಸಲವೂ ಹೊರಗೇ ಕೂರಿಸಿದ್ದೆ.

ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡೆ. ಮೊದಲಿನಿಂದ ಹೇಳಿದೆ. ಮೇಡಂ ಏನು ಹೇಳಿದರು, ನನ್ನನ್ನು ಯಾಕೆ ಕಳಿಸಿದರು, ಬೆಂಚಿನ ಬಳಿ ಎಷ್ಟು ಜನ ಇದ್ದರು, ಬಾಯಿ ಮುಚ್ಚಿಕೊಂಡದ್ದಕ್ಕೆ ನನಗೆ ಎಷ್ಟು ಹೆಮ್ಮೆಯಾಯಿತು. ಆ ಹೆಮ್ಮೆಯ ಮಾತನ್ನು ಕೋಣೆಯಲ್ಲೂ ಹೇಳಿರಲಿಲ್ಲ, ಸಮಿತಿಗೂ ಹೇಳಿರಲಿಲ್ಲ, ಹೆಂಡತಿಗೂ ಇಲ್ಲ. ಅವರು ತಡೆಯದೆ ಕೇಳಿದರು. ಮುಗಿದ ಮೇಲೆ ಕಿಟಕಿಯ ಹೊರಗೆ ಸೈಕಲ್ ಸ್ಟ್ಯಾಂಡಿನ ಕಡೆ ನೋಡಿದರು.

“ನಿನ್ನ ಮುಖ ನೋಡಿದಾಗಲೇ ಏನೋ ಇದೆ ಅನಿಸಿತ್ತು” ಅಂದರು. “ಪಕ್ಕಕ್ಕೆ ಕರೆದು ಕೇಳಬೇಕಿತ್ತು. ಎದ್ದರೆ ಮಗು ಎಚ್ಚರ ಆಗುತ್ತೆ ಅಂತ ಎದ್ದೇಳಲಿಲ್ಲ.”

ಎರಡರ ಗಂಟೆ ಹೊಡೆಯಿತು. ಕಾರಿಡಾರಿನಲ್ಲಿ ವಿದ್ಯಾರ್ಥಿಗಳು ತರಗತಿಗೆ ಓಡುವ ಸದ್ದು. ಆ ಪಟ್ಟಿಯಲ್ಲಿ ಇನ್ನೂ ಮೂರು ತಿಂಗಳು ಉಳಿದಿತ್ತು. ಅವರು ಅದನ್ನು ಬಿಚ್ಚಿ ಮತ್ತೆ ಬೆಳಕಿಗೆ ಹಿಡಿದರು, ನಾನು ಕೀಬೋರ್ಡಿನ ಕಡೆ ತಿರುಗಿದೆ, ಇಬ್ಬರೂ ಏಳಲಿಲ್ಲ.